ಅಣಬೆ ಹವಳ: ಗುರುತು ಹಿಡಿಯುವುದು, ಮನೆಯ ಟ್ಯಾಂಕಿನಲ್ಲಿ ಸಾಕುವುದು

ಮುಂಬೈಯ ಕುರ್ಲಾದಲ್ಲೋ ಕ್ರಾಫರ್ಡ್ ಮಾರ್ಕೆಟ್ ಕಡೆಯ ಅಂಗಡಿಗಳಲ್ಲೋ ‘ಮಶ್ರೂಮ್ ಇದೆಯಾ’ ಎಂದು ಕೇಳಿ ನೋಡಿ. ಬೇರೆ ಬೇರೆ ಮೂರು ಜೀವಿಗಳನ್ನು ಅದೇ ಹೆಸರಿನಲ್ಲಿ ತೋರಿಸುವುದುಂಟು. ಒಂದನ್ನು ಸಾಕುವುದು ಸುಲಭ. ಇನ್ನೊಂದು ತಟ್ಟೆಯಗಲ ಬೆಳೆದು ಅಕ್ಕಪಕ್ಕದವಕ್ಕೆ ನೆರಳಾಗುತ್ತದೆ. ಮತ್ತೊಂದನ್ನು ಮನೆಗೆ ತಂದರೆ ಕಾನೂನಿನ ತೊಡಕು. ಹಾಗಾಗಿ ಉಪ್ಪು, ಲೈಟು, ಪಂಪುಗಳ ಮಾತಿಗೆ ಮುಂಚೆ ಗುರುತು ಹಿಡಿಯುವುದನ್ನು ಕಲಿಯಬೇಕು.

ಮೊದಲು ಅದನ್ನು ಎತ್ತಿ ಅಡಿಭಾಗ ತೋರಿಸಲು ಹೇಳಿ. ಮೈಯ ಕೆಳಗೆ ಗಟ್ಟಿ ಕಲ್ಲು, ಆ ಕಲ್ಲಿನಲ್ಲಿ ಅಣಬೆಯ ಕೊಡೆಯಡಿಯ ಮಡಿಕೆಗಳಂತೆ ಸಾಲು ಸಾಲು ತೆಳು ಹಾಳೆಗಳಿದ್ದರೆ ಅದು ಫಂಜಿಯಾ ಜಾತಿಯ ಕಲ್ಲುಹವಳ. ಪುಸ್ತಕಗಳಲ್ಲಿ ಅದಕ್ಕೂ ಮಶ್ರೂಮ್ ಕೋರಲ್ ಎಂದೇ ಹೆಸರು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಎಲ್ಲ ಕಲ್ಲುಹವಳಗಳೂ ಸೇರಿವೆ. ಜೊತೆಗೆ ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸಮುದ್ರ ಬೀಸಣಿಗೆಗಳೂ ಇವೆ. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ.

ಎರಡನೆಯದು ಸಾರ್ಕೋಫೈಟಾನ್ ಎಂಬ ಚರ್ಮಹವಳ. ದಪ್ಪ ಕಾಂಡ, ಮೇಲೆ ರಬ್ಬರಿನಂಥ ಟೋಪಿ, ಟೋಪಿಯ ತುಂಬ ಸಣ್ಣ ಸಣ್ಣ ಹೂಗಳು. ಒಂದು ಹೂವನ್ನು ಭೂತಗನ್ನಡಿಯಲ್ಲಿ ನೋಡಿದರೆ ಎಂಟು ಎಸಳು, ಪ್ರತಿ ಎಸಳೂ ಗರಿಯಂತೆ ಸೀಳಿರುತ್ತದೆ. ಇದಕ್ಕೆ ಬೇಕಾದ ಬೆಳಕು ಮತ್ತು ನೀರಿನ ಸೆಳೆತ ಹೆಚ್ಚು. ಇದೂ ಸಾಕಬಹುದಾದ ಜೀವಿಯೇ, ಆದರೆ ಈ ಬರಹದ ವಿಷಯವಲ್ಲ.

ಮೂರನೆಯದೇ ನಮಗೆ ಬೇಕಾದ ಅಣಬೆ ಹವಳ. ಇದು ಕೊರಾಲಿಮಾರ್ಫ್ ಗಣಕ್ಕೆ ಸೇರಿದ್ದು. ಕಲ್ಲಿನ ಅಸ್ಥಿಪಂಜರ ಇಲ್ಲ, ಕಾಂಡ ಗಿಡ್ಡ, ನಡುವೆ ಬಾಯಿಯಿರುವ ಚಪ್ಪಟೆ ತಟ್ಟೆ. ಒಂದು ಬಾಯಿ, ಒಂದು ಬುಡ, ಸುತ್ತ ಮಾಂಸ, ಅಷ್ಟೇ ದೇಹ. ಒಳರಚನೆಯಲ್ಲಿ ಇದು ಕಲ್ಲುಹವಳದ ಹತ್ತಿರದ ನಂಟ, ಕಲ್ಲು ಕಟ್ಟುವುದಿಲ್ಲ ಎಂಬುದೊಂದೇ ದೊಡ್ಡ ವ್ಯತ್ಯಾಸ. ಕಲ್ಲು ಕಟ್ಟದ ಕಾರಣ ಸಾಕುವವರ ಕೆಲಸ ಅರ್ಧ ಕಡಿಮೆಯಾಗುತ್ತದೆ. ಏಕೆಂಬುದು ಮುಂದೆ ಬರುತ್ತದೆ.

ಅಂಗಡಿಯಲ್ಲಿ ಸಿಗುವ ನಾಲ್ಕು ಬಗೆ

ಡಿಸ್ಕೋಸೋಮಾ: ನೀರುದೋಸೆಯಂತೆ ನಯವಾದ, ಇಲ್ಲವೇ ಸಣ್ಣ ಗುಳ್ಳೆಗಳಿರುವ ತಟ್ಟೆ. ಬೆರಳುಗಳು (ಟೆಂಟಕಲ್‌ಗಳು) ಇಲ್ಲವೆನ್ನುವಷ್ಟು ಕಡಿಮೆ. ಸಾಮಾನ್ಯವಾಗಿ 5–8 ಸೆಂ.ಮೀ. ಅಗಲ. ಕೆಂಪು, ನೀಲಿ, ಹಸಿರು, ಪಟ್ಟೆ, ಚುಕ್ಕೆ ಎಲ್ಲವೂ ಸಿಗುತ್ತವೆ. ಹಳೆಯ ಅಂಗಡಿಯವರು ಆಕ್ಟಿನೋಡಿಸ್ಕಸ್ ಎಂದರೆ ಅದೂ ಇದೇ. ಹೊಸಬರು ಇದರಿಂದಲೇ ಶುರು ಮಾಡಬೇಕು.

ರೋಡಾಕ್ಟಿಸ್: ಮೈಮೇಲೆ ಕವಲೊಡೆದ ಗುಳ್ಳೆಗಳು ಅಥವಾ ಕೂದಲಿನಂಥ ಎಳೆಗಳು, ಮುಟ್ಟಿದರೆ ಒರಟು. ಕೆಲವು ಅಂಗೈಯನ್ನು ಮೀರಿ ಬೆಳೆಯುತ್ತವೆ. ಪಕ್ಕದ ಹವಳಕ್ಕೆ ತಾಗಿದರೆ ಕುಟುಕುತ್ತವೆ. ‘ಬೌನ್ಸ್’ ಎಂಬ ಹೆಸರಿನಲ್ಲಿ ದುಬಾರಿ ಬೆಲೆಗೆ ಮಾರುವುದು ಇದನ್ನೇ, ಅದರ ಗುಳ್ಳೆಗಳು ಬಲೂನಿನಂತೆ ಉಬ್ಬಿರುತ್ತವೆ. ಒಂದು ವರ್ಷ ಸಾದಾ ಡಿಸ್ಕೋಸೋಮಾವನ್ನು ಉಳಿಸಿಕೊಂಡವರು ಮಾತ್ರ ಬೌನ್ಸ್‌ಗೆ ದುಡ್ಡು ಹಾಕಲಿ.

ರಿಕಾರ್ಡಿಯಾ: ತಟ್ಟೆಯ ಮೇಲೆ ಸಾಬಕ್ಕಿ ಹರಡಿದಂತೆ ದುಂಡು ಮಣಿಗಳು. ಇದರಲ್ಲಿ ಎರಡು ಜಾತಿ. ಫ್ಲಾರಿಡಾ ಜಾತಿ ಕೆರಿಬಿಯನ್ ಸಮುದ್ರದ್ದು. ಬಾಯಿಯ ಸುತ್ತ ಸ್ವಲ್ಪ ಜಾಗ ಬೋಳು, ಒಂದೇ ತಟ್ಟೆಯಲ್ಲಿ ಎರಡು ಮೂರು ಬಾಯಿಗಳಿರುವುದು ಸಾಮಾನ್ಯ. ಯೂಮಾ ಜಾತಿ ಇಂಡೋ-ಪೆಸಿಫಿಕ್‌ನದು. ಬಾಯಿ ಗೋಪುರದಂತೆ ಎದ್ದು ನಿಂತು, ಮಣಿಗಳು ಆ ಗೋಪುರದ ಮೇಲೂ ಹತ್ತಿರುತ್ತವೆ. ಈ ವ್ಯತ್ಯಾಸ ತಿಳಿದಿರಲೇಬೇಕು, ಯಾಕೆಂದರೆ ಯೂಮಾ ಬಹಳ ನಾಜೂಕು. ಪ್ರಯಾಣದ ದಣಿವಿಗೇ ಕರಗಿಹೋಗುತ್ತದೆ.

ಆಂಪ್ಲೆಕ್ಸಿಡಿಸ್ಕಸ್, ಅಂದರೆ ಆನೆಕಿವಿ: ಒಂದು ಅಡಿಗೂ ಮೀರಿ ಬೆಳೆಯಬಲ್ಲದು. ತಟ್ಟೆಯಲ್ಲಿ ಗಿಡ್ಡ ಬೆರಳುಗಳು, ಅಂಚಿನ ಬಳಿ ಬೋಳು ಪಟ್ಟಿ. ಇದರ ಅಂಚುಗಳು ನಿಧಾನವಾಗಿ ಮೇಲೆದ್ದು ಚೀಲದಂತೆ ಮುಚ್ಚಿಕೊಳ್ಳುತ್ತವೆ. ಒಳಗೆ ಮೀನು ಸಿಕ್ಕಿದರೆ ಮತ್ತೆ ಹೊರಬರುವುದಿಲ್ಲ. ಕ್ಲೌನ್ ಮೀನು ಇದನ್ನು ತನ್ನ ಮನೆಯಾದ ಸಮುದ್ರ ಹೂ (ಅನಿಮೋನ್) ಎಂದು ತಿಳಿದು ಮಲಗಲು ಹೋಗುತ್ತದೆ. ಎರಡನ್ನೂ ಒಂದೇ ಟ್ಯಾಂಕಿನಲ್ಲಿ ಇಡಬೇಡಿ.

ಅಂಚಿನ ಸುತ್ತ ಮಾತ್ರ ರೆಪ್ಪೆಯಂತೆ ಬೆರಳುಗಳಿದ್ದು ಗುಂಪಾಗಿ ಬೆಳೆದಿದ್ದರೆ ಅದು ಝೋಆಂತಿಡ್, ಅಣಬೆಯಲ್ಲ. ಕೆಲವು ಝೋಆಂತಿಡ್‌ಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಕಡು ವಿಷ ಇರುತ್ತದೆ. ಅಣಬೆ ತಂದ ಕಲ್ಲಿನಲ್ಲೇ ಅವು ಕೂತಿರಬಹುದು. ಆದ್ದರಿಂದ ಕಲ್ಲನ್ನು ಕೈಗವಸು ಹಾಕಿ ಹಿಡಿಯಿರಿ, ‘ಸ್ವಚ್ಛ ಮಾಡುತ್ತೇನೆ’ ಎಂದು ಯಾವತ್ತೂ ಬಿಸಿನೀರಿನಲ್ಲಿ ಕುದಿಸಬೇಡಿ. ಆವಿ ಕುಡಿದವರು ಆಸ್ಪತ್ರೆ ಸೇರಿದ ಉದಾಹರಣೆಗಳಿವೆ.

ಕೊಳ್ಳುವಾಗ

ಅಂಗಡಿಯ ಕಡುನೀಲಿ ಲೈಟಿನಡಿ ಮಾಸಲು ಕಂದು ಅಣಬೆಯೂ ಹಬ್ಬದ ದೀಪದಂತೆ ಹೊಳೆಯುತ್ತದೆ. ಬಿಳಿ ಲೈಟು ಹಾಕಿಸಿ ನೋಡಿ. ಬಾಯಿ ಮುಚ್ಚಿರಬೇಕು. ಬಾಯಿ ಆ ಎಂದು ತೆರೆದು ಬಿಳಿ ದಾರಗಳು ಹೊರಬಂದಿದ್ದರೆ, ಅಂಚು ಗಾಜಿನಂತೆ ಪಾರದರ್ಶಕವಾಗಿದ್ದರೆ ಬಿಡಿ. ತಟ್ಟೆಯ ಮೇಲೆ ತುಕ್ಕಿನ ಚುಕ್ಕೆಗಳಂತೆ ಕಂದು ಕಲೆಗಳಿದ್ದರೆ ಹತ್ತಿರದಿಂದ ನೋಡಿ. ಚಲಿಸಿದರೆ ಅವು ಚಪ್ಪಟೆ ಹುಳುಗಳು. ಕಲ್ಲಿನಿಂದ ಕಿತ್ತು ಕೊಟ್ಟ ಬಿಡಿ ಅಣಬೆಗಿಂತ, ಚಿಕ್ಕ ಕಲ್ಲಿಗೋ ಪ್ಲಗ್ಗಿಗೋ (ಹವಳ ಕೂರಿಸುವ ಪುಟ್ಟ ಬಿಲ್ಲೆ) ತಾನೇ ಅಂಟಿಕೊಂಡದ್ದು ಮೇಲು. ಆ ಕಲ್ಲು ಸತ್ತ ಹವಳದ ತುಂಡಾಗಿದ್ದರೆ ಮತ್ತೆ ಅದೇ ಕಾಯ್ದೆಯ ತಕರಾರು. ಸೆರಾಮಿಕ್ ಪ್ಲಗ್ಗಿನ ಮೇಲಿರುವುದನ್ನು ಕೇಳಿ ಪಡೆಯಿರಿ, ಬಿಲ್ಲು ಇಟ್ಟುಕೊಳ್ಳಿ. ಮಾಲ್ವಣ್‌ಗೋ ಗೋವೆಯ ಗ್ರಾಂಡೆ ದ್ವೀಪಕ್ಕೋ ಪ್ರವಾಸ ಹೋದಾಗ ನೀರಿನಿಂದ ಏನನ್ನೂ ಎತ್ತಿ ತರುವುದು ಬೇಡ.

ಮನೆಗೆ ಒಯ್ಯಲು ಎರಡು ಪದರದ ಪ್ಲಾಸ್ಟಿಕ್ ಚೀಲದಲ್ಲಿ ಮೂರನೇ ಒಂದು ಪಾಲು ನೀರು, ಉಳಿದದ್ದು ಗಾಳಿ. ಮೇ ತಿಂಗಳ ಮಧ್ಯಾಹ್ನ ಲೋಕಲ್ ಟ್ರೇನಿನಲ್ಲಿ ಡೊಂಬಿವ್ಲಿಗೋ ವಸಾಯಿಗೋ ಹೋಗುವವರು ಥರ್ಮಾಕೋಲ್ ಪೆಟ್ಟಿಗೆ ಒಯ್ಯಲಿ.

ನೀರು

ಅಣಬೆ ಹವಳ ಸಾಯುವುದು ನೀರು ಕೆಟ್ಟಿದ್ದಕ್ಕಿಂತ ನೀರು ದಿಢೀರನೆ ಬದಲಾದದ್ದಕ್ಕೆ ಹೆಚ್ಚು. ಸ್ವಲ್ಪ ಕೊಳಕು ನೀರನ್ನು ಅದು ಸಹಿಸುತ್ತದೆ, ಏರಿಳಿತವನ್ನು ಸಹಿಸುವುದಿಲ್ಲ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಳಗಿನ ಅಂಕಿಗಳನ್ನು ನೋಡಿ.

ಉಪ್ಪಿನಂಶ ಸಾವಿರಕ್ಕೆ 35, ಅಂದರೆ ಸಾಪೇಕ್ಷ ಸಾಂದ್ರತೆ 1.025–1.026. ಉಷ್ಣತೆ 24–27 ಡಿಗ್ರಿ. ಕ್ಷಾರತೆ 8–9 ಡಿಕೆಎಚ್ (ಕ್ಷಾರತೆಯ ಅಳತೆಮಾನ), ಕ್ಯಾಲ್ಸಿಯಂ 400–450 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು), ಮೆಗ್ನೀಸಿಯಂ 1,250–1,350 ಪಿಪಿಎಂ. ನೈಟ್ರೇಟ್ 5–15 ಪಿಪಿಎಂ, ಫಾಸ್ಫೇಟ್ 0.03–0.1 ಪಿಪಿಎಂ. ಕೊನೆಯ ಎರಡೂ ಸೊನ್ನೆಗೆ ಇಳಿದರೆ ಖುಷಿ ಪಡಬೇಡಿ. ಅಣಬೆ ಕರಗಿದ ಪೋಷಕಾಂಶವನ್ನೂ ಹೀರಿ ಬದುಕುತ್ತದೆ. ಕನ್ನಡಿಯಂಥ ನೀರಿನಲ್ಲಿ ಅದು ಬಡಕಲಾಗಿ ಬಿಳಿಚಿಕೊಳ್ಳುತ್ತದೆ.

ಕಲ್ಲು ಕಟ್ಟದ್ದರಿಂದ ಇದು ಕ್ಯಾಲ್ಸಿಯಂ, ಕ್ಷಾರತೆಗಳನ್ನು ಹೆಚ್ಚು ಖರ್ಚು ಮಾಡುವುದಿಲ್ಲ. ಬರೀ ಅಣಬೆಗಳ ಟ್ಯಾಂಕಿಗೆ ಅವನ್ನು ಮತ್ತೆ ತುಂಬುವ ಡೋಸಿಂಗ್ ಪಂಪು, ಎರಡು ಬಾಟಲಿಯ ದ್ರಾವಣ ಯಾವುದೂ ಬೇಕಿಲ್ಲ. ವಾರಕ್ಕೆ ಶೇ. 10 ನೀರು ಬದಲಿಸಿದರೆ ಸಾಕು. ಅಂಗಡಿಯವರು ಬಾಟಲಿ ಮಾರುತ್ತಾರೆ, ಅದು ಅವರ ವ್ಯಾಪಾರ.

60×45×45 ಸೆಂ.ಮೀ. ಟ್ಯಾಂಕಿನಲ್ಲಿ ಕಲ್ಲು, ಮರಳು ಕಳೆದು ಸುಮಾರು 100 ಲೀಟರ್ ನೀರು ನಿಲ್ಲುತ್ತದೆ. ಶುರುವಿಗೆ ಇದು ಒಳ್ಳೆಯ ಅಳತೆ. ಟ್ಯಾಂಕು ಓಡಲು ಶುರುವಾಗಿ ಮೂರು ನಾಲ್ಕು ತಿಂಗಳಾದ ಮೇಲೆ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಯಲ್ಲಿ ನಿಂತ ಮೇಲೆ ಅಣಬೆ ಬಿಡಿ. ಉಪ್ಪನ್ನು ಲೀಟರಿಗೆ ಸುಮಾರು 36–38 ಗ್ರಾಂ ಹಾಕಿ, ಒಂದು ರಾತ್ರಿ ಪಂಪಿನಿಂದ ಕಲಸಿ, ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ನೋಡಿ. ಆ ಉಪಕರಣವನ್ನು ಶುದ್ಧ ನೀರಿನಿಂದಲ್ಲ, 35ರ ಮಾನಕ ದ್ರಾವಣದಿಂದ ಸರಿಪಡಿಸಿಕೊಳ್ಳಬೇಕು. ಇಲ್ಲದಿದ್ದರೆ ಸೊನ್ನೆಯಲ್ಲಿ ಸರಿಯಾಗಿದ್ದು 35ರಲ್ಲಿ ತಪ್ಪು ತೋರಿಸುತ್ತದೆ.

ಜುಹು, ವರ್ಸೋವಾ ಕಡಲ ನೀರು ತುಂಬಿ ತರುವ ಯೋಚನೆ ಬೇಡ. ಚರಂಡಿಯ ಮಾತು ಹಾಗಿರಲಿ, ಮಳೆಗಾಲದಲ್ಲಿ ಅದರ ಉಪ್ಪೂ ಇಳಿಯುತ್ತದೆ. ಗೋವೆಯಲ್ಲಿ ಮಾಂಡವಿ, ಜುವಾರಿ ಮುಖಗಳ ಬಳಿಯೂ ಅದೇ ಕತೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಸೊಸೈಟಿಗೆ ಟ್ಯಾಂಕರ್ ಬರುವ ದಿನ ನೀರಿನ ಗುಣವೇ ಬೇರೆ. ಉಳಿದ ಲವಣವನ್ನೂ ಹೀರುವ ಡಿಐ ರೆಸಿನ್ ಇರುವ ಆರ್‌ಓ ಘಟಕದ ನೀರು ಬಳಸಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆ ಬರಬೇಕು. ಅಡುಗೆಮನೆಯ ಆರ್‌ಓ ಫಿಲ್ಟರ್ ಸಾಲದು. ರುಚಿಗೆಂದು ಅದು ಖನಿಜ ಬೆರೆಸುತ್ತದೆ, ಕೆಲವು ಮಾದರಿಗಳು ಆರೋಗ್ಯಕ್ಕೆಂದು ತಾಮ್ರವನ್ನೂ ಬಿಡುತ್ತವೆ. ತಾಮ್ರ ಹವಳಕ್ಕೆ ವಿಷ. ಟ್ಯಾಂಕಿಗೆ ಹಾಕುವ ನೀರನ್ನು ತಾಮ್ರದ ಕೊಡದಲ್ಲಿ ತುಂಬಿಡುವುದು, ಹಿತ್ತಾಳೆ ನಲ್ಲಿ ಜೋಡಿಸುವುದು, ಮೀನಿನ ಬಿಳಿ ಚುಕ್ಕೆ ರೋಗಕ್ಕೆ ತಾಮ್ರದ ಔಷಧ ಇದೇ ಟ್ಯಾಂಕಿಗೆ ಹಾಕುವುದು ಮೂರೂ ಬೇಡ. ಜಿರಳೆ ಸ್ಪ್ರೇ ಹೊಡೆಯುವಾಗ, ದೀಪಾವಳಿಗೆ ಬಣ್ಣ ಬಳಿಸುವಾಗ ಟ್ಯಾಂಕು ಮುಚ್ಚಿ, ಗಾಳಿ ಪಂಪನ್ನು ಬೇರೆ ಕೋಣೆಗೆ ಸರಿಸಿ. ಅದು ಎಳೆದುಕೊಳ್ಳುವುದು ಕೋಣೆಯ ಗಾಳಿಯನ್ನೇ.

ಸೆಕೆ

ನಮ್ಮ ಊರುಗಳಲ್ಲಿ ಹೀಟರ್ ಅಲ್ಲ, ತಂಪು ಮಾಡುವುದೇ ಖರ್ಚು. ನೀರಿನ ಮೇಲ್ಮೈಗೆ ಫ್ಯಾನ್ ಬಿಟ್ಟರೆ ಆವಿಯಾಗಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಪುಣೆಯ ಏಪ್ರಿಲ್‌ನ ಒಣ ಗಾಳಿಯಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಮುಂಬೈ, ಗೋವೆಗಳ ಜೂನ್‌ನಲ್ಲಿ ಗಾಳಿಯೇ ಒದ್ದೆ, ನೀರು ಅಷ್ಟಾಗಿ ಆವಿಯಾಗುವುದಿಲ್ಲ, ಫ್ಯಾನ್ ಸುಮ್ಮನೆ ತಿರುಗುತ್ತದೆ. ಅಲ್ಲಿ ಎ.ಸಿ. ಇರುವ ಕೋಣೆ ಅಥವಾ ಚಿಲ್ಲರ್ ಬೇಕು. ಲೈಟನ್ನು ಹಗಲಿಗೆ ಬದಲು ಸಂಜೆ 4ರಿಂದ ರಾತ್ರಿ 12ರವರೆಗೆ ಉರಿಸಿದರೆ ಮಧ್ಯಾಹ್ನದ ಸೆಕೆಯ ಮೇಲೆ ಲೈಟಿನ ಬಿಸಿ ಸೇರುವುದು ತಪ್ಪುತ್ತದೆ, ಆಫೀಸಿನಿಂದ ಬಂದವರಿಗೆ ನೋಡಲೂ ಸಿಗುತ್ತದೆ. ಕರೆಂಟು ಹೋದಾಗ ಮುಚ್ಚಳ ಬಿಗಿಯಾಗಿರುವ ಬಾಟಲಿಯಲ್ಲಿ ಐಸು ಮಾಡಿ ತೇಲಿಬಿಡಬಹುದು. ಗಂಟೆಗೆ ಒಂದು ಡಿಗ್ರಿಗಿಂತ ಹೆಚ್ಚು ಇಳಿಸಬೇಡಿ. ಬ್ಯಾಟರಿಯ ಗಾಳಿ ಪಂಪು ಗೋವೆಯ ಮಳೆಗಾಲಕ್ಕೆ ಕಡ್ಡಾಯ.

ಫ್ಯಾನ್ ಇದ್ದರೆ ಆವಿಯ ಲೆಕ್ಕ ಇಡಬೇಕು. 100 ಲೀಟರಿನಲ್ಲಿ ದಿನಕ್ಕೆ 3 ಲೀಟರ್ ಹೋದರೆ ಉಪ್ಪು 35ರಿಂದ 36 ದಾಟುತ್ತದೆ, ಎರಡೇ ದಿನದಲ್ಲಿ 37. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ತುಂಬುವುದೂ ಸಿಹಿನೀರನ್ನೇ. ಉಪ್ಪುನೀರು ತುಂಬಿ ಟ್ಯಾಂಕು ಹಾಳು ಮಾಡಿಕೊಂಡವರೇ ಹೆಚ್ಚು.

ಬೆಳಕು, ಸೆಳೆತ, ಜಾಗ

ಮೈಯೊಳಗೆ ಜೂಕ್ಸಾಂಥೆಲ್ಲೆ ಎಂಬ ಪಾಚಿ ಇದೆ, ಅದು ಬೆಳಕಿನಿಂದ ಆಹಾರ ಮಾಡಿಕೊಡುತ್ತದೆ. ಹಾಗೆಂದು ಬೆಳಕು ಸುರಿಯಬಾರದು. ಡಿಸ್ಕೋಸೋಮಾಗೆ ಪಾರ್ (ಪಾಚಿಗೆ ಬಳಕೆಯಾಗುವ ಬೆಳಕಿನ ಅಳತೆ) 30–80, ರೋಡಾಕ್ಟಿಸ್‌ಗೆ 50–100, ರಿಕಾರ್ಡಿಯಾಗೆ ಸುಮಾರು 80–120. ಪಾರ್ ಮೀಟರ್ ಇಲ್ಲದಿದ್ದರೆ ಎಲ್‌ಇಡಿಯನ್ನು ಶೇ. 30ಕ್ಕೆ ಇಟ್ಟು, ಅಣಬೆಯನ್ನು ಮರಳಿನ ಮೇಲೆ ಅರೆನೆರಳಿನಲ್ಲಿ ಒಂದು ವಾರ ಬಿಟ್ಟು ನೋಡಿ. ತಟ್ಟೆ ಕಹಳೆಯಂತೆ ಉದ್ದ ಎದ್ದು ಲೈಟಿನತ್ತ ಚಾಚಿದರೆ ಬೆಳಕು ಸಾಲದು. ಮುದುಡಿ, ಅಂಚು ಸುರುಳಿಯಾಗಿ, ಬಣ್ಣ ಬಿಳಿಚಿಕೊಂಡರೆ ಹೆಚ್ಚಾಯಿತು. ಬಂಡೆಗೆ ಒರಗಿ ದೋಸೆಯಂತೆ ಹರಡಿಕೊಂಡರೆ ಅದೇ ಅದರ ಜಾಗ, ಇನ್ನು ಮುಟ್ಟಬೇಡಿ. ಬದಲಿಸಬೇಕಾದರೂ ಒಮ್ಮೆಗೆ 10 ಸೆಂ.ಮೀ., ಮತ್ತೆ ಒಂದು ವಾರ ಕಾಯಿರಿ. ಲೈಟು ಆರಿದ ಮೇಲೆ ಚಿಕ್ಕದಾಗುವುದು ಸಹಜ, ಅದಕ್ಕೆ ಚಿಕಿತ್ಸೆ ಬೇಡ.

ಸೆಳೆತ ಮಂದ. ಅಂಚು ಮೆಲ್ಲನೆ ಅಲುಗಬೇಕು, ಮಡಚಬಾರದು. ಜೋರು ಸೆಳೆತಕ್ಕೆ ಅಣಬೆ ಬುಡ ಬಿಟ್ಟು ತೇಲುತ್ತದೆ, ತೇಲಿ ಪಂಪಿನ ಬಾಯಿಗೆ ಹೋಗಿ ನುಚ್ಚುನೂರಾಗುತ್ತದೆ. ಪಂಪಿಗೆ ಸ್ಪಂಜು ಕಟ್ಟಿ.

ಇಡುವುದು ಮುಖ್ಯ ಬಂಡೆಯ ಮೇಲಲ್ಲ, ಮರಳಿನ ನಡುವಿನ ಒಂಟಿ ಕಲ್ಲಿನ ಮೇಲೆ. ಒಗ್ಗಿದ ಡಿಸ್ಕೋಸೋಮಾ ತೆವಳುತ್ತಾ ಬುಡದ ತುಣುಕು ಬಿಟ್ಟುಹೋಗುತ್ತದೆ, ಪ್ರತಿ ತುಣುಕೂ ಮರಿಯಾಗುತ್ತದೆ. ಕೆರೆದು ತೆಗೆದರೆ ಇನ್ನಷ್ಟು ಮರಿಗಳು. ಒಂಟಿ ಕಲ್ಲಾದರೆ ಎತ್ತಿ ಹೊರಗಿಡಬಹುದು. ಬೇರೆ ಹವಳಗಳಿಂದ 5–8 ಸೆಂ.ಮೀ. ದೂರ, ರೋಡಾಕ್ಟಿಸ್ ಆದರೆ ಅದರ ಎರಡರಷ್ಟು. ಇವು ನೀರಿಗೂ ರಾಸಾಯನಿಕ ಬಿಡುತ್ತವೆ, ಆದ್ದರಿಂದ 100 ಲೀಟರಿಗೆ ಅರ್ಧ ಕಪ್ ಸಕ್ರಿಯ ಇದ್ದಿಲನ್ನು ಚೀಲದಲ್ಲಿಟ್ಟು ಮೂರು ನಾಲ್ಕು ವಾರಕ್ಕೊಮ್ಮೆ ಬದಲಿಸಿ.

ಹೊಸದನ್ನು ಬಿಡುವಾಗ: ಚೀಲವನ್ನು 15–20 ನಿಮಿಷ ತೇಲಿಸಿ, ಚೀಲದ ನೀರಿನ ಉಪ್ಪು ಅಳೆಯಿರಿ, ಅರ್ಧ ಮುಕ್ಕಾಲು ಗಂಟೆ ಹನಿ ಹನಿಯಾಗಿ ಟ್ಯಾಂಕಿನ ನೀರು ಬಿಡಿ. ನಂತರ ಕೋರಲ್ ಡಿಪ್ (ಹುಳುಗಳನ್ನು ಬಿಡಿಸುವ ದ್ರಾವಣದಲ್ಲಿ ಅದ್ದುವುದು), ಬಾಟಲಿಯ ಮೇಲೆ ಬರೆದ ಅಳತೆ ಮತ್ತು ಹೊತ್ತು ಮೀರದೆ. ಚೀಲದ ನೀರು ಚೆಲ್ಲಿ. ಆ ದಿನ ಲೈಟು ಹಾಕಬೇಡಿ.

ಊಟ

ಡಿಸ್ಕೋಸೋಮಾಗೆ ಮೀನಿನ ಊಟದ ಚೂರೇ ಸಾಕು. ರೋಡಾಕ್ಟಿಸ್, ರಿಕಾರ್ಡಿಯಾಗಳಿಗೆ ವಾರಕ್ಕೆ ಒಂದೆರಡು ಸಲ ಐಸು ಕರಗಿಸಿದ ಮೈಸಿಸ್ ಸಿಗಡಿ, 3–5 ಮಿ.ಮೀ. ಚೂರುಗಳು. ಪಂಪು ನಿಲ್ಲಿಸಿ, ಪಿಪೆಟ್ಟಿನಿಂದ ಬಾಯಿಯ ಪಕ್ಕ ಬಿಟ್ಟು, ತಟ್ಟೆ ಮುಚ್ಚಿಕೊಳ್ಳುವವರೆಗೆ 15 ನಿಮಿಷ ಕಾಯಿರಿ. ಮರುದಿನ ಉಗುಳಿದ್ದರೆ ಚೂರು ದೊಡ್ಡದಾಯಿತು ಎಂದರ್ಥ.

ಕತ್ತರಿಸಿ ಬೆಳೆಸುವುದು

ಕನಿಷ್ಠ 4 ಸೆಂ.ಮೀ. ಅಗಲವಿದ್ದು, ಒಂದೆರಡು ತಿಂಗಳಿಂದ ಒಂದೇ ಕಡೆ ಗಟ್ಟಿಯಾಗಿ ಕೂತದ್ದನ್ನು ಮಾತ್ರ ಕತ್ತರಿಸಿ. ಯೂಮಾವನ್ನು ಕತ್ತರಿಸಬೇಡಿ. ಹೊಸ ಬ್ಲೇಡು, ಕೈಗವಸು, ಕನ್ನಡಕ, ಟ್ಯಾಂಕಿನ ನೀರು ತುಂಬಿದ ಬಟ್ಟಲು ಸಿದ್ಧವಿರಲಿ. ಬುಡವನ್ನು ಕಲ್ಲಿನ ತೆಳು ಚೂರಿನ ಸಮೇತ ಬಿಡಿಸಿ. ಬಾಯಿಯ ನಡುವಿನಿಂದ ಒಂದೇ ಎಳೆತಕ್ಕೆ ಎರಡು ಹೋಳು ಮಾಡಿ. ಎರಡರಲ್ಲೂ ಬಾಯಿಯ ಪಾಲು ಇರಬೇಕು. ಪಳಗಿದವರು ಡಿಸ್ಕೋಸೋಮಾವನ್ನು ನಾಲ್ಕು ಮಾಡುತ್ತಾರೆ. ಗರಗಸದಂತೆ ಹಿಂದೆ ಮುಂದೆ ಎಳೆದರೆ ಮಾಂಸ ಹರಿದು ಕೊಳೆಯುತ್ತದೆ. ಲೋಳೆ ಹೋಗುವವರೆಗೆ ಬಟ್ಟಲಿನಲ್ಲಿ ಅಲುಗಿಸಿ ತೊಳೆಯಿರಿ, ಆ ನೀರನ್ನು ಟ್ಯಾಂಕಿಗೆ ಸುರಿಯಬೇಡಿ.

ಮುಂದೆ ಹೊಸಬರೆಲ್ಲ ಮಾಡುವ ತಪ್ಪು ಅಂಟು. ಸೂಪರ್ ಗ್ಲೂ ಲೋಳೆ ಮಾಂಸಕ್ಕೆ ಹಿಡಿಯುವುದಿಲ್ಲ. ಮರುದಿನ ಅಂಟಿನ ಗಟ್ಟಿ ಬಿಲ್ಲೆ ಕಲ್ಲಿನ ಮೇಲೆ, ಅಣಬೆ ಇನ್ನೆಲ್ಲೋ. ಬುಡಕ್ಕೆ ಕಲ್ಲಿನ ಚೂರು ಅಂಟಿದ್ದರೆ ಆ ಚೂರಿಗೆ ಜೆಲ್ ಗ್ಲೂ ಹಾಕಬಹುದು. ಇಲ್ಲದಿದ್ದರೆ ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದೆರಡು ಸೆಂ.ಮೀ. ಗಾತ್ರದ ಕಲ್ಲುಚೂರು ಹರಡಿ, ಹೋಳುಗಳನ್ನು ಮೇಲಿಟ್ಟು, ಸೊಳ್ಳೆ ಪರದೆಯ ತುಂಡು ಹೊದಿಸಿ ರಬ್ಬರ್ ಬ್ಯಾಂಡ್ ಕಟ್ಟಿ. ಪರದೆ ಹೊಸದಾಗಿರಲಿ, ಕೀಟನಾಶಕ ಸವರಿದ ಬಗೆಯದು ಬೇಡವೇ ಬೇಡ. ಮಂದ ಬೆಳಕು, ಮಂದ ಸೆಳೆತದಲ್ಲಿ ಒಂದೆರಡು ವಾರದೊಳಗೆ ಬುಡ ಚೂರಿಗೆ ಕಚ್ಚಿಕೊಳ್ಳುತ್ತದೆ. ಹೊಸ ಬಾಯಿ ಕಾಣಲು ಎರಡರಿಂದ ನಾಲ್ಕು ವಾರ. ಕತ್ತರಿಸಿದ ಮರುದಿನ ಶೇ. 10–20 ನೀರು ಬದಲಿಸಿ.

ಹೋಳು ಬಿಳಿ-ಕಂದು ಲೋಳೆಯಾಗತೊಡಗಿದರೆ ಅದು ಉಳಿಯುವುದಿಲ್ಲ. ಪೈಪಿನಿಂದ ಎಳೆದು ಹೊರಹಾಕಿ, ಪಕ್ಕದವು ಕೊಳೆಯುವ ಮೊದಲು. ಕತ್ತರಿಸದ ಅಣಬೆ ಹೀಗೆ ಕರಗಿದರೆ ಈ ಕ್ರಮದಲ್ಲಿ ಪರೀಕ್ಷಿಸಿ: ಉಪ್ಪು, ಉಷ್ಣತೆ, ಅಮೋನಿಯಾ, ಕಳೆದ ವಾರ ಲೈಟಿನಲ್ಲಿ ಮಾಡಿದ ಬದಲಾವಣೆ, ನೈಟ್ರೇಟ್-ಫಾಸ್ಫೇಟ್ ಸೊನ್ನೆಯೇ ಎಂಬುದು. ಹೆಚ್ಚಿನ ಸಲ ಕಾರಣ ಮೊದಲ ಎರಡರಲ್ಲೇ ಸಿಗುತ್ತದೆ.

ರಜೆಗೆ ಊರಿಗೆ ಹೊರಟಾಗ

ಮೇ ರಜೆಗೆ ಮತ್ಸ್ಯಗಂಧಾ ಹತ್ತಿ ಹದಿನೈದು ದಿನ ಊರಿಗೆ ಹೋಗುವವರಿಗೆ ಅಣಬೆಗಿಂತ ಒಳ್ಳೆಯ ಹವಳ ಇಲ್ಲ. ಊಟವಿಲ್ಲದೆ ತಿಂಗಳಾದರೂ ಇರುತ್ತದೆ. ಚಿಂತೆ ಆವಿಯದ್ದು. ತಾನಾಗಿ ನೀರು ತುಂಬುವ ಎಟಿಓ ಹಾಕಿ, ಆದರೆ ಹೊರಡುವ ಹಿಂದಿನ ದಿನ ಅಲ್ಲ, ಎರಡು ವಾರ ಮುಂಚೆ. ಅದರ ಸೆನ್ಸರ್ ಕೆಟ್ಟರೆ ಪಾತ್ರೆಯ ನೀರೆಲ್ಲ ಒಮ್ಮೆಗೆ ಟ್ಯಾಂಕಿಗೆ ಬೀಳುತ್ತದೆ. ಆದ್ದರಿಂದ 100 ಲೀಟರ್ ಟ್ಯಾಂಕಿಗೆ 10 ಲೀಟರಿಗಿಂತ ದೊಡ್ಡ ಪಾತ್ರೆ ಬೇಡ. ಪಕ್ಕದ ಮನೆಯವರು ಮೂರು ದಿನಕ್ಕೊಮ್ಮೆ ಬಂದು, ಗುರುತು ಹಾಕಿಟ್ಟ ಕ್ಯಾನಿನಿಂದ ಅದನ್ನು ತುಂಬಲಿ. ಮೀನಿನ ಊಟದ ಡಬ್ಬಿ ಮಾತ್ರ ಅವರ ಕೈಗೆ ಕೊಡಬೇಡಿ, ದಿನದ ಪಾಲನ್ನು ಪೊಟ್ಟಣ ಕಟ್ಟಿಡಿ. ವಾಪಸು ಬಂದಾಗ ನೀರು ಇಳಿದು ಉಪ್ಪು 37 ತೋರಿಸಿದರೆ, ಗಾಬರಿಯಿಂದ ಬಕೆಟ್ ಸುರಿಯದೆ ಗಂಟೆಗೆ ಅರ್ಧ ಲೀಟರ್ ಮೀರದಂತೆ ಆರ್‌ಓ ನೀರು ಸೇರಿಸಿ, ಎರಡು ದಿನದಲ್ಲಿ 35ಕ್ಕೆ ತನ್ನಿ.